ಹೆಸರಿನ ಬಾಲ ಹಿಡಿದ ವೀರಮ್ಮ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿನವರೆಲ್ಲ ಒಟ್ಟಿಗೆ ಮೂಗು ಮುಚ್ಚಿಕೊಳ್ಳುವ ಜಾಗವೊಂದಿತ್ತು. ಅಲ್ಲಿ ಸ್ಟಾಪಿರಲಿಲ್ಲ. ವೀರಮ್ಮ ಇಳಿಯುತ್ತಾಳೆಂದು ಡ್ರೈವರು ವೇಗ ತಗ್ಗಿಸುತ್ತಿದ್ದ, ಅಷ್ಟೆ. ಅದು ಚಂದ್ರಶೇಖರಪ್ಪನವರ ಕೋಳಿ ಫಾರಂ.

ವೀರಮ್ಮ ಆವರೆಗೆ ಕಂಡ ಫಾರಂಗಳು ಎರಡೇ ಬಗೆ. ಒಂದು ರೇಷನ್ ಕಾರ್ಡಿಗೆ ತುಂಬುವುದು, ಇನ್ನೊಂದು ಕೋಳಿ ತುಂಬುವುದು. ಮೊದಲನೆಯದರಲ್ಲಿ ಜಾಗ ಸಾಲದೆ ಅವಳ ಹೆಸರು ಮೊಟಕಾಗುತ್ತಿತ್ತು; ಎರಡನೆಯದರಲ್ಲಿ ಜಾಗ ಸಾಲದೆ ಕೋಳಿಯ ಆಯುಸ್ಸು.

ಗಂಡ ಭೂತಪ್ಪನಿಗೆ ಕಾರ್ಖಾನೆಯ ಕಂಟ್ರಾಕ್ಟ್ ಕೆಲಸ ತಪ್ಪಿದ ವರ್ಷ, ತೊಂಬತ್ತೆಂಟರಲ್ಲಿ, ಅವಳು ಅಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ದಿನವೇ ಚಂದ್ರಶೇಖರಪ್ಪನವರು ಒಂದು ಬಿಳಿ ಕ್ಯಾನು ತೋರಿಸಿದರು.

"ಬೆಳಿಗ್ಗೆ ಬಂದ ತಕ್ಷಣ ನೀರಿನ ಟ್ಯಾಂಕಿಗೆ ಇದರ ಡೋಸ್ ಹಾಕ್ಬೇಕು."

"ಕೋಳಿಗೆ ದೋಸೆನಾ ಸಾವ್ಕಾರ್ರೇ? ಚಟ್ನಿನೂ ಅರೀಲಾ?"

"ಡೋಸು ಮಾರಾಯ್ತಿ, ಡೋಸು! ಟಾನಿಕ್ಕು. ಒಂದು ಮುಚ್ಚಳ ಹಾಕು."

"ಯಾವ ಕೋಳಿಗೆ ಹುಷಾರಿಲ್ಲ?"

"ಹುಷಾರು ತಪ್ಪಬಾರದು ಅಂತಲೇ ಹಾಕೋದು. ಎಲ್ಲಕ್ಕೂ ಹಾಕು."

ಹಾಗೆ ನಾಲ್ಕು ವರ್ಷ ಹಾಕಿದಳು. ಕೆಮ್ಮಿದ ಕೋಳಿಗೂ ಕುಣಿದ ಕೋಳಿಗೂ ಒಂದೇ ತೀರ್ಥ. ಒಂದು ಮುಚ್ಚಳ ಎರಡಾಯಿತು, ಎರಡು ಮೂರಾಯಿತು. "ಯಾಕೋ ಈಗೀಗ ಇದು ಹಿಡೀತಾನೇ ಇಲ್ಲ" ಎಂದು ಗೊಣಗುತ್ತ ಸಾವ್ಕಾರರು ಅಳತೆ ಏರಿಸುತ್ತ ಹೋದರು. ಯಾಕೆ ಹಿಡಿಯುತ್ತಿಲ್ಲ ಎಂದು ಯೋಚಿಸುವ ಕೆಲಸಕ್ಕೆ ಆ ಫಾರಂನಲ್ಲಿ ಯಾರನ್ನೂ ನೇಮಿಸಿರಲಿಲ್ಲ. ಕ್ಯಾನಿನ ಮೇಲಿನ ಲೇಬಲ್ಲು ಇಂಗ್ಲಿಷಿನಲ್ಲಿತ್ತು. ಅದನ್ನು ಓದಲು ಕುಡಿಯುವ ಕೋಳಿಗಳಿಗೂ ಬರುತ್ತಿರಲಿಲ್ಲ, ಏಳನೇ ಕ್ಲಾಸಿನವರೆಗೆ ಕನ್ನಡ ಕಲಿತು ಇಂಗ್ಲಿಷಿಗೆ ಕೈಮುಗಿದಿದ್ದ ವೀರಮ್ಮನಿಗೂ ಬರುತ್ತಿರಲಿಲ್ಲ. ಖಾಲಿ ಕ್ಯಾನು ಮಾತ್ರ ಗಟ್ಟಿಮುಟ್ಟಾಗಿತ್ತು. ಒಂದನ್ನು ತೊಳೆದು ಮನೆಗೊಯ್ದು ರೇಷನ್ ಸೀಮೆಎಣ್ಣೆ ತುಂಬಿಡಲು ಇಟ್ಟುಕೊಂಡಳು. ಫಾರಂನಲ್ಲಿ ದುಡಿಯುವ ಹೆಂಗಸರ ಮನೆಯಲ್ಲೆಲ್ಲ ಸೀಮೆಎಣ್ಣೆಯ ವಾಸ ಅಂಥ ಕ್ಯಾನಿನಲ್ಲೇ.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ, ಕೋಳಿಗಳು ನೀರು ಕುಡಿಯುವ ತಟ್ಟೆಗಳನ್ನು ಉಜ್ಜುವಾಗ ತಗಡಿನ ಅಂಚು ಅವಳ ಬಲಗೈ ತೋರುಬೆರಳನ್ನು ಸೀಳಿತು. ಅರಿಶಿನ ಮೆತ್ತಿ ಕೆಲಸ ಮುಂದುವರಿಸಿದಳು. ನಾಲ್ಕನೇ ದಿನಕ್ಕೆ ಬೆರಳು ಬದನೆಕಾಯಿಯಾಯಿತು. ಭದ್ರಾವತಿ ಓಲ್ಡ್ ಟೌನಿನ ಡಾಕ್ಟರು ರಾಮಚಂದ್ರಪ್ಪನವರು ಕೀವು ತೆಗೆದು ಮಾತ್ರೆ ಬರೆದರು. "ಕೋರ್ಸ್ ಪೂರ್ತಿ ಮಾಡ್ಬೇಕು ಕಣಮ್ಮ, ಮಧ್ಯ ಬಿಡಬಾರದು."

"ಏಳನೇ ಕ್ಲಾಸಿಗೇ ಬಿಟ್ಟೋಳು, ಈಗ ಕೋರ್ಸ್ ಮಾಡ್ತಿದ್ದೀಯಲ್ಲೇ" ಎಂದು ಭೂತಪ್ಪ ನಕ್ಕ.

ಕೋರ್ಸ್ ಮುಗಿಯಿತು, ವೀರಮ್ಮ ಫೇಲು. ಅದೇ ಮಾತ್ರೆಯ ಎರಡನೇ ಕೋರ್ಸಿಗೆ ಭೂತಪ್ಪನ ನಗೆಯೂ ನಿಂತಿತು. ಬೆರಳ ತುದಿ ಕಪ್ಪಾಗತೊಡಗಿತ್ತು. ಬೀದಿಯಲ್ಲಿ ಅವಳಂತೆ ರಂಗೋಲಿ ಎಳೆಯುವವರಿರಲಿಲ್ಲ. ಪುಡಿ ಜಾರುತ್ತಿದ್ದದ್ದು ಆ ಬೆರಳು ಮತ್ತು ಹೆಬ್ಬೆರಳ ನಡುವೆ. ರೋಗಾಣು ಯಾವ ಔಷಧಕ್ಕೆ ಸಾಯುತ್ತದೆಂದು ನೋಡಲು ಡಾಕ್ಟರು ಶಿವಮೊಗ್ಗದ ಲ್ಯಾಬಿಗೆ ಕೀವು ಕಳಿಸಿ ಕಲ್ಚರ್ ಮಾಡಿಸಿದರು.

"ನಮ್ಮ ಕಲ್ಚರಿಗೆ ಏನಾಗಿದೆ?" ಎಂದು ಭೂತಪ್ಪನಿಗೆ ಕೋಪ ಬಂತು.

ಮೂರು ದಿನ ಕಳೆದು ವರದಿ ಬಂತು. ಹತ್ತು ಔಷಧದ ಹೆಸರು, ಒಂಬತ್ತರ ಎದುರು ಸಾಲಾಗಿ ಇಂಗ್ಲಿಷಿನ ಆರ್, ಆರ್, ಆರ್. ಆರದ ಗಾಯಕ್ಕೆ ಒಂಬತ್ತು ಆರ್! "ಆರ್ ಅಂದ್ರೆ ಆ ಔಷಧಕ್ಕೆ ಈ ರೋಗಾಣು ಬಗ್ಗಲ್ಲ ಅಂತ" ಎಂದ ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನಿಜ ಹೇಳು. ಮೆಡಿಕಲ್ ಶಾಪಲ್ಲಿ ಕೇಳಿ ಕೇಳಿ ಮಾತ್ರೆ ನುಂಗಿದ್ದೀಯ. ಅರ್ಧಕ್ಕೆ ಬಿಟ್ಟಿದ್ದೀಯ. ನಿಮ್ಮಂಥೋರಿಂದಲೇ ಹೀಗಾಗೋದು."

"ದೇವ್ರಾಣೆ ಇಲ್ಲ ಸಾರ್. ನಂಗೆ ಜ್ವರ ಬಂದ್ರೂ ಕಷಾಯನೇ."

"ಹಂಗಾದ್ರೆ ಇದೇನು ಆಕಾಶದಿಂದ ಬಿತ್ತಾ? ಉಳಿದಿರೋದು ಒಂದು ಇಂಜೆಕ್ಷನ್. ನಾಳೆಯಿಂದ ಶುರು. ಅದೂ ಹಿಡೀದಿದ್ರೆ ಬೆರಳು ಬುಡದಿಂದಲೇ ತೆಗೀಬೇಕು."

ಬೆರಳಿಗಿಂತ ಹೆಚ್ಚು ಉರಿದದ್ದು 'ನಿಮ್ಮಂಥೋರಿಂದಲೇ' ಎಂಬ ಆ ಮಾತು. ಕಳ್ಳಿ ಎಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮನೆಗೆ ಬಂದು, ಕೆಲಸ ಮಾಡದ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಒಲೆಗೆ ಎಸೆಯಲು ಕೂತಳು. ಎದುರಿಗೇ ಸೀಮೆಎಣ್ಣೆ ಕ್ಯಾನು. ಎಸೆಯುವ ಕೈ ಹಾಗೇ ನಿಂತಿತು.

ಇಂಗ್ಲಿಷ್ ಓದಲು ಬಾರದಿದ್ದರೇನು, ರಂಗೋಲಿಯ ಕಣ್ಣು ಎಳೆ ಮರೆಯುವುದಿಲ್ಲ. ಕೊಡೆಯ ಹಿಡಿಯನ್ನು ತಲೆಕೆಳಗು ನಿಲ್ಲಿಸಿದಂಥದ್ದು ಒಂದು, ನೆಟ್ಟ ಕಂಬ ಒಂದು, ಸೊನ್ನೆ ಒಂದು, ಅಡ್ಡಾದಿಡ್ಡಿ ಎರಡು ಗೀಟು ದಾಟಿದ್ದು ಒಂದು. ಆಮೇಲೂ ನಾಲ್ಕು ಅಕ್ಷರ. ಸ್ಟ್ರಿಪ್ಪಿನ ಮೇಲಿದ್ದ ಹೆಸರಿಗೂ ಕ್ಯಾನಿನ ಲೇಬಲ್ಲಿನ ಹೆಸರಿಗೂ ತಲೆ ಬೇರೆ ಬೇರೆ, ಬಾಲ ಒಂದೇ!

ಕ್ಯಾನನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಟವಳು ಸೀದಾ ಡಾಕ್ಟರ ಬಾಗಿಲಿಗೆ ಬಂದಳು. ಕಾಯುತ್ತಿದ್ದ ರೋಗಿಗಳೆಲ್ಲ ಸೀಮೆಎಣ್ಣೆ ವಾಸನೆಗೆ ಎದ್ದು ನಿಂತರು. ಕಾಂಪೌಂಡರ್ ಹಾಲೇಶ್ ಬಿಳಿಚಿಕೊಂಡು ಅಡ್ಡ ಬಂದ.

"ಅಮ್ಮ, ಅಮ್ಮ, ಬೇಡ! ಬೆರಳು ಹೋದ್ರೆ ಹೋಗ್ಲಿ, ಸುರ್ಕೋಬೇಡಿ!"

"ಸುರ್ಕೊಳ್ಳಕ್ಕಲ್ಲ ಮಾರಾಯ, ಓದ್ಸಕ್ಕೆ!"

ರಾಮಚಂದ್ರಪ್ಪನವರು ಕ್ಯಾನನ್ನು ಮೇಜಿನ ಮೇಲಿಟ್ಟು ಓದಿದರು. ಎನ್ರೋಫ್ಲಾಕ್ಸಾಸಿನ್. ತಾವೇ ಬರೆದ ಚೀಟಿ ನೋಡಿದರು. ಸಿಪ್ರೋಫ್ಲಾಕ್ಸಾಸಿನ್. ಮತ್ತೆ ಕ್ಯಾನು ನೋಡಿದರು.

"ಇದನ್ನ ಎಷ್ಟು ಕೋಳಿಗೆ ಹಾಕ್ತಿದ್ದೆ?"

"ಎಲ್ಲಕ್ಕೂ ಸಾರ್. ದಿನಾ. ಟಾನಿಕ್ ಅಂದ್ರು."

"ಟಾನಿಕ್ ಅಲ್ಲಮ್ಮ. ನಿಂಗೆ ನಾನು ಕೊಟ್ಟ ಮಾತ್ರೆಗೆ ಇದು ದಾಯಾದಿ. ಆ ಶೆಡ್ಡಿನ ರೋಗಾಣುಗಳು ನಾಲ್ಕು ವರ್ಷ ಇದನ್ನೇ ಕುಡಿದು ಬೆಳೆದಿವೆ. ಸಾಯೋವೆಲ್ಲ ಸತ್ತಿವೆ, ಸಾಯದವು ಉಳ್ಕೊಂಡು ಸಂಸಾರ ಮಾಡಿವೆ. ಅವೇ ನಿನ್ನ ಗಾಯಕ್ಕೆ ಬಂದಿರ್ಬೇಕು." ಕನ್ನಡಕ ತೆಗೆದು ಒರೆಸಿದರು. "ಬೆಳಿಗ್ಗೆ ನಾನು ನಿಂಗೆ ಅಂದಿದ್ದು ತಪ್ಪಾಯ್ತು."

ಅಂದರೆ ಕೋರ್ಸ್ ಮಾಡಿದ್ದು ವೀರಮ್ಮನಲ್ಲ. ಸಾವಿರಾರು ಕೋಳಿಗಳು ಒಂದೂ ಪರೀಕ್ಷೆ ಬರೆಯದೆ ಕೋರ್ಸ್ ಮಾಡಿ, ಪಾಸಾಗಿ, ಶಿವಮೊಗ್ಗದ ಮದುವೆಮನೆಗಳಿಗೂ ಭದ್ರಾವತಿಯ ಬಾಡೂಟಗಳಿಗೂ ಹೊರಟುಹೋಗಿದ್ದವು. ಅವುಗಳ ಗೊಬ್ಬರ ಸುತ್ತಲಿನ ತೋಟಗಳಿಗೆ ಹೋಗಿತ್ತು. ಫೀಸು ಕಟ್ಟುವ ಪಾಳಿ ಮಾತ್ರ ಒಂದು ಬೆರಳಿಗೆ ಬಂದಿತ್ತು.

ಇಂಜೆಕ್ಷನ್ ಹಿಡಿಯಿತು, ಆದರೆ ತಡವಾಗಿ. ಕೀವು ಬುಡಕ್ಕೆ ಇಳಿಯದಂತೆ ತಡೆಯಿತು. ಕಪ್ಪಾದ ತುದಿ ಉಳಿಯಲಿಲ್ಲ. ಮೊದಲ ಗೆಣ್ಣಿನವರೆಗೆ ತೆಗೆದರು. ಆಸ್ಪತ್ರೆಯಲ್ಲಿ ವೀರಮ್ಮ ಮೂರನೇ ಬಗೆಯ ಫಾರಂ ಕಂಡಳು: ಕತ್ತರಿಸಲು ನನ್ನ ಒಪ್ಪಿಗೆ ಇದೆ ಎಂಬುದು.

ಗಾಯ ಮಾಗಿದ ಮೇಲೆ ಕೆಲಸಕ್ಕೆ ಹೋದಳು. ಶೆಡ್ಡಿನಲ್ಲಿ ಹೊಸ ಕ್ಯಾನು ಬಂದಿತ್ತು, ಹಸಿರು ಬಣ್ಣದ್ದು.

"ಬಂದ್ಯಾ ವೀರಮ್ಮ? ಹಳೇದು ಹಿಡೀತಿರಲಿಲ್ಲ. ಇದು ಹೊಸ ಟಾನಿಕ್ಕು. ಎರಡು ಮುಚ್ಚಳ ಹಾಕು."

"ಅದು ಟಾನಿಕ್ಕಾಗಿರಲಿಲ್ಲ ಸಾವ್ಕಾರ್ರೇ. ಔಷಧ. ಮನುಷ್ಯರಿಗೆ ಬೇಕಾಗಿದ್ದ ಔಷಧದ ದಾಯಾದಿ."

"ನಿಂಗೆ ಯಾರು ಕುಡಿ ಅಂದ್ರು?"

"ನಾನೆಲ್ಲಿ ಕುಡಿದೆ? ನೀವು ಊರಿಗೇ ಕುಡಿಸಿದ್ರಿ, ನನ್ನ ಕೈಲೇ."

ಚಂದ್ರಶೇಖರಪ್ಪನವರ ಮುಖ ಕೋಳಿಯ ಜುಟ್ಟಿನ ಬಣ್ಣಕ್ಕೆ ತಿರುಗಿತು. "ಎಲ್ಲರೂ ಹಾಕ್ತಾರೆ ಮಾರಾಯ್ತಿ! ಶಿವಮೊಗ್ಗದಲ್ಲಿ ಗಾಂಧಿ ಬಜಾರ್ ಹಿಂದಿನ ಅಂಗಡೀಲಿ ಚೀಟಿ ಕೂಡ ಕೇಳ್ದೆ ಕೊಡ್ತಾರೆ. ತಪ್ಪಾಗಿದ್ರೆ ಕೊಡ್ತಿದ್ರಾ?"

"ಬೆರಳು ತೆಗೆಯೋಕೆ ಚೀಟಿ ಕೇಳಿದ್ರು ಸಾವ್ಕಾರ್ರೇ. ಬಲಗೈಲಿ ಸೈನು ಬರಲ್ಲ ಅಂತ ಎಡಗೈ ಹೆಬ್ಬೆಟ್ಟೂ ಒತ್ತಿಸ್ಕೊಂಡ್ರು." ಅವಳು ಹಸಿರು ಕ್ಯಾನನ್ನು ಅವರ ಮುಂದಿಟ್ಟಳು. "ಇದರ ಹೆಸರು ಓದಿ ಹೇಳಿ. ಆಮೇಲೆ ಹಾಕ್ತೀನಿ."

ಅವರು ಬಿ.ಕಾಂ. ಪದವೀಧರರು. ಲೇಬಲ್ಲು ನೋಡಿದರು, ಅವಳ ಮೊಂಡು ಬೆರಳು ನೋಡಿದರು. ಓದಲಿಲ್ಲ. ಅವಳು ಹಾಕಲಿಲ್ಲ. ಕೈ ತೊಳೆದು, ಸ್ಟಾಪಿಲ್ಲದ ಜಾಗದಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದಳು. ಮರುದಿನ ಇನ್ಯಾರೋ ಹಾಕಿರುತ್ತಾರೆ. ಅದೇ ಹೊಟ್ಟೆ ಉರಿಸುವ ಸಂಗತಿ.

ಈಗ ಓಲ್ಡ್ ಟೌನಿನಲ್ಲಿ ಮನೆಯ ಮುಂದೆಯೇ ಕಾವಲಿ ಇಟ್ಟಿದ್ದಾಳೆ. ಒಂಬತ್ತೂವರೆ ಬೆರಳಲ್ಲಿ ಸೌಟು ಹಿಡಿದು ಎಳೆಯುವ ವೃತ್ತ ಇವತ್ತಿಗೂ ರಂಗೋಲಿಯಷ್ಟೇ ದುಂಡಗೆ. ಚಂದ್ರಶೇಖರಪ್ಪನವರ ಡ್ರೈವರು ಒಮ್ಮೆ ಅಲ್ಲಿ ತಿಂಡಿಗೆ ನಿಂತವನು ಸಲಹೆ ಕೊಟ್ಟ: "ಜೊತೆಗೆ ಚಿಕನ್ ಸಾರು ಇಡಿ ವೀರಮ್ಮ, ವ್ಯಾಪಾರ ಜೋರಾಗುತ್ತೆ. ಫಾರಂ ಕೋಳಿ ನಾನೇ ತಂದ್ಕೊಡ್ತೀನಿ."

ವೀರಮ್ಮ ಕಾವಲಿಗೆ ನೀರು ಚಿಮುಕಿಸಿದಳು. ಅದು ಚುಂಯ್ ಎಂದಿತು.

"ಇಲ್ಲಿ ದೋಸೆ ಮಾತ್ರ ಕಣಪ್ಪ. ಡೋಸು ಬೇಕಾದ್ರೆ ನಿಮ್ಮ ಸಾವ್ಕಾರ್ರನ್ನ ಕೇಳು."