ಬೆಳ್ಳಿಯ ಕಪ್ಪು ಕೂದಲು

ಕೂದಲಿಗೆ ಹಚ್ಚಿದ ಶಾಶ್ವತ ಬಣ್ಣವನ್ನು ಮನೆಯಲ್ಲೇ ತೊಳೆದು ತೆಗೆಯಬಹುದೆಂದು ಊರಿಗೆಲ್ಲ ಉಪದೇಶಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಸಿಟ್ಟಿಗೆ ಕಾರಣ ನನ್ನ ಪತ್ನಿಯ ತಂಗಿಗೆ ಒದಗಿದ ಪ್ರಸಂಗ. ಅದನ್ನು ನಡೆದದ್ದು ನಡೆದಂತೆ ಇಲ್ಲಿ ಬರೆಯುತ್ತಿದ್ದೇನೆ.

ಆಕೆಯ ತಲೆ ಹರೆಯದಲ್ಲೇ ನರೆಯಿತು. ಮೂವತ್ತಾಗುವ ಹೊತ್ತಿಗೆ ಹುಡುಕಿದರೂ ಒಂದು ಕಪ್ಪು ಎಳೆ ಸಿಗುತ್ತಿರಲಿಲ್ಲ. ನೆಂಟರಿಷ್ಟರು ಲೊಚಗುಟ್ಟಿದರು. ತಾಯಿ ಮಾತ್ರ ಮಗಳನ್ನು 'ಬೆಳ್ಳಿ' ಎಂದು ಕರೆದರು. ಆ ಹೆಸರೇ ನಿಂತಿತು. ಆಕೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಫ್ರೇಮಿನ ಕಡ್ಡಿಯನ್ನು ಹದವಾಗಿ ಬಿಸಿ ಮಾಡಿ, ಬಗ್ಗಿಸಿ, ಗಿರಾಕಿಯ ಕಿವಿಗೆ ನೋಯದಂತೆ ಕೂರಿಸುವುದರಲ್ಲಿ ಆಕೆಯದು ಎತ್ತಿದ ಕೈ. "ಬಿಳಿ ಕೂದಲಿನ ಮೇಡಂ ಇದ್ದಾರಾ?" ಎಂದು ಕೇಳಿಕೊಂಡೇ ಜನ ಮೆಟ್ಟಿಲು ಹತ್ತುತ್ತಿದ್ದರು.

ಅತ್ತೆಯವರಿಗೆ ಈಗ ಮರೆವಿನ ಕಾಯಿಲೆ. ತಮ್ಮ ಹಿರಿಯ ಮಗಳು, ಅಂದರೆ ನನ್ನ ಪತ್ನಿ, ತೀರಿಕೊಂಡದ್ದು ಅವರಿಗೆ ನೆನಪಿಲ್ಲ. ಎದುರು ಮನೆಯಲ್ಲೇ ಇರುವ ನಾನು ಒಂದು ದಿನ ಅಳಿಯ, ಮತ್ತೊಂದು ದಿನ ಮೀಟರ್ ನೋಡಲು ಬಂದವನು. ಬೆಳ್ಳಿಯನ್ನು ಗುರುತಿಸುವುದರಲ್ಲಿ ಮಾತ್ರ ಅವರು ಒಮ್ಮೆಯೂ ತಪ್ಪಿರಲಿಲ್ಲ. ಹೃದಯದ ಮಾತ್ರೆಯನ್ನು ಆಕೆ ಕೊಟ್ಟರೆ ಮಾತ್ರ ನುಂಗುತ್ತಿದ್ದರು. ಅದು ತಪ್ಪಿದರೆ ಎದೆಬಡಿತ ಏರುಪೇರಾಗಿ ಜೀವಕ್ಕೇ ಅಪಾಯವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು.

ಹೀಗಿರುವಾಗ ಅಂಗಡಿಯ ಹಳೆಯ ಮಾಲೀಕರು ಮನೆ ಸೇರಿ, ಅವರ ಮಗ ಗಲ್ಲಾದ ಮೇಲೆ ಕುಳಿತ. ಒಂದು ಶನಿವಾರ ಆತ ಬೆಳ್ಳಿಯನ್ನು ಕರೆದು ಹೇಳಿದನಂತೆ: "ಅಕ್ಕ, ಬೇಜಾರು ಮಾಡ್ಕೋಬೇಡಿ. ಗಿರಾಕಿ ಕನ್ನಡಿ ನೋಡ್ಕೊಳ್ಳುವಾಗ ಹಿಂದೆ ನಿಮ್ಮ ತಲೆ ಕಾಣುತ್ತೆ. ಹೊಸ ಫ್ರೇಮಿಗೂ ವಯಸ್ಸಾದ ಹಾಗೆ ಅನ್ಸುತ್ತೆ. ಸೋಮವಾರ ಕಪ್ಪು ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಳಿ."

ವ್ಯಾಪಾರ ಮಾಡಲು ಬಾರದವನು ನೌಕರಳ ಕೂದಲನ್ನು ದೂರುವುದೆಂದರೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಆದರೆ ಬೆಳ್ಳಿ ಎದುರು ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ತಾಯಿ ಏಳುವ ಮುನ್ನ ತಲೆಗೆ ಬಣ್ಣ ಹಚ್ಚಿ, ತೊಳೆದು, ಎಂದಿನಂತೆ ನೀರು ಮಾತ್ರೆ ಹಿಡಿದು ಕೋಣೆಗೆ ಹೋದಳು.

"ಯಾರೇ ನೀನು?" ಎಂದರು ಅತ್ತೆ.

"ನಾನಮ್ಮ, ಬೆಳ್ಳಿ."

"ಬೆಳ್ಳಿಯಂತೆ ಬೆಳ್ಳಿ! ಕಾಗೆ ಹಂಗೆ ತಲೆ ಇಟ್ಕೊಂಡು ಯಾರಿಗೆ ಕಿವಿ ಮೇಲೆ ಹೂ ಇಡ್ತೀಯಾ? ನನ್ನ ಮಗಳನ್ನ ಏನು ಮಾಡ್ದೆ?"

ಲೋಟ ಉರುಳಿತು. ಅತ್ತೆ ಆಕೆಯನ್ನು ಹೊರಗೆ ನೂಕಿ, ಒಳಗಿನಿಂದ ಚಿಲಕ ಹಾಕಿಕೊಂಡರು.

ಬೆಳ್ಳಿ ಕೂಗಿದಾಗ ನಾನು ಓಡಿದೆ. ಬಾಗಿಲು ತಟ್ಟಿ, "ಅತ್ತೆ, ನಾನು, ನಿಮ್ಮ ಅಳಿಯ. ಅವಳು ಬೆಳ್ಳಿನೇ" ಎಂದೆ.

"ನೀವೂ ಅವಳ ಜೊತೆ ಸೇರ್ಕೊಂಡ್ರಾ? ಬೆಳ್ಳಿ ಬರ್ಲಿ, ಇಬ್ಬರಿಗೂ ಇದೆ!"

ಓಣಿಯ ಕಡೆಯ ಕಿಟಕಿಯ ಸರಳುಗಳ ನಡುವಿನಿಂದ ನೋಡಿದೆ. ಮಂಚದ ಅಂಚಿನಲ್ಲಿ ಕುಳಿತು ಎದೆ ಒತ್ತಿಕೊಂಡಿದ್ದರು, ಮಾತಿಗೊಮ್ಮೆ ಏದುಸಿರು. ಫೋನಿನಲ್ಲಿ ವೈದ್ಯರು, ಬಾಗಿಲು ಒಡೆದರೆ ಗಾಬರಿಗೇ ಎದೆ ನಿಲ್ಲಬಹುದು, ಹೇಗಾದರೂ ಒಲಿಸಿ ಬೇಗ ಮಾತ್ರೆ ಕೊಡಿ, ಆಂಬುಲೆನ್ಸ್ ಕಳಿಸಲು ಹೇಳುತ್ತೇನೆ ಎಂದರು.

"ಇದನ್ನ ತೆಗೆದ್ರೆ ಗುರುತು ಹಿಡೀತಾಳೆ" ಎಂದು ಬೆಳ್ಳಿ ಬಚ್ಚಲಿಗೆ ನುಗ್ಗಿದಳು. ಅಷ್ಟರಲ್ಲಿ ಮಹಡಿಯ ಮನೆಯ ಟೈಲರಮ್ಮ, ಮೊಬೈಲಿನಲ್ಲಿ ನೋಡಿದ ವಿದ್ಯೆಯೆಲ್ಲವನ್ನೂ ಹೊತ್ತು ಇಳಿದು ಬಂದರು. ಅಡುಗೆ ಸೋಡಾಕ್ಕೆ ಶಾಂಪೂ ಕಲಸಿ ಉಜ್ಜಿದರು. ಪಾತ್ರೆ ತೊಳೆಯುವ ಸೋಪು ಹಾಕಿದರು. ವಿಟಮಿನ್ ಸಿ ಮಾತ್ರೆ ಪುಡಿಮಾಡಿ ಮೆತ್ತಿದರು.

"ಇನ್ನೊಂದ್ಸಲ ಉಜ್ಜಿದ್ರೆ ಹತ್ತಿ ಹಂಗಾಗುತ್ತೆ, ನೋಡ್ತಿರಿ."

"ಅವಳ ತಲೆ ಏನು ತಳ ಹಿಡಿದ ಪಾತ್ರೆನಾ?" ಎಂದು ನಾನು ರೇಗಿದೆ.

ಬಚ್ಚಲ ನೀರು ಕಂದಾಗಿ ಹರಿಯಿತು. ಕೂದಲ ತುದಿ ತುಕ್ಕಿನ ಬಣ್ಣಕ್ಕೆ ತಿರುಗಿತು. ಉಳಿದದ್ದು ಇದ್ದಿಲಾಗಿಯೇ ಇತ್ತು. ಬೇರೇನೂ ಆಗುವಂತಿರಲಿಲ್ಲ. ರಸಾಯನಶಾಸ್ತ್ರ ಬೋಧಿಸಿಯೇ ನಿವೃತ್ತನಾದ ನಾನು ಇದನ್ನು ಹೊಣೆಯರಿತು ಹೇಳುತ್ತೇನೆ: ಶಾಶ್ವತ ಬಣ್ಣದ ಕಣಗಳು ಸಣ್ಣವಾಗಿ ಕೂದಲೊಳಗೆ ಇಳಿದು, ಅಲ್ಲಿ ಒಂದಕ್ಕೊಂದು ಬೆಸೆದು ದೊಡ್ಡವಾಗುತ್ತವೆ. ಸೋಪು, ಸೋಡಾಗಳಿಂದ ಬಣ್ಣ ಒಂದಿಷ್ಟು ಮಾಸಬಹುದು. ಪಳಗಿದ ಕೈಗಳು ಸಲೂನಿನಲ್ಲಿ ತೆಗೆದರೂ ಮೊದಲಿನ ಬಿಳುಪು ಮರಳುವ ಭರವಸೆಯಿಲ್ಲ. ಹೊಸ ಕೂದಲು ಬೆಳೆಯುವವರೆಗೆ ಕಾಯಬೇಕು. ಕಾಯಲು ನಮಗೆ ಸಮಯವೆಲ್ಲಿತ್ತು?

ಗೋಡೆಯಾಚೆಯಿಂದ ಅತ್ತೆಯವರ ಕ್ಷೀಣ ದನಿ ಕೇಳಿತು. "ಬೆಳ್ಳೀ... ಎಲ್ಲಿದ್ದೀಯೇ?"

"ಬಂದೆ, ಅಮ್ಮ!" ಬೆಳ್ಳಿ ನೀರು ಸುರಿಯುವ ತಲೆಯಲ್ಲೇ ಓಡಿದಳು.

ಆ ದನಿಗೆ ಚಿಲಕ ಸರಿಯಿತು. ಬಾಗಿಲು ಒಂದು ಗೇಣಷ್ಟು ತೆರೆಯಿತು. ಅತ್ತೆಯ ಮುಖ ಅರಳಿತು, ಮಗಳ ತಲೆಯನ್ನು ಕಂಡಿತು, ಬಿಳಿಚಿಕೊಂಡಿತು. ಬಾಗಿಲು ಮತ್ತೆ ದಡಾರನೆ ಮುಚ್ಚಿತು.

ಬೆಳ್ಳಿ ಅಳಲಿಲ್ಲ. ನೇರವಾಗಿ ಬಚ್ಚಲಿಗೆ ಮರಳಿ, ನೆಲ ತೊಳೆಯುವ ಬ್ಲೀಚಿನ ಬಾಟಲಿ ಎತ್ತಿ ಮುಚ್ಚಳ ತಿರುಗಿಸಿದಳು. ನಾನು ಆಕೆಯ ಮಣಿಕಟ್ಟು ಹಿಡಿದುಕೊಂಡೆ.

"ಬಿಡಿ, ಭಾವ! ಸುಟ್ರೆ ಸುಡ್ಲಿ, ಬೆಳ್ಳಗಾದ್ರೆ ಸಾಕು."

"ಬೆಳ್ಳಗಾಗಲ್ಲ! ಚರ್ಮ ಸುಟ್ಟು ಗುಳ್ಳೆ ಏಳುತ್ತೆ, ಕಣ್ಣಿಗೆ ಬಿದ್ರೆ ಕಣ್ಣು ಹೋಗುತ್ತೆ. ತಲೇಲಿ ಆ ಮಾತ್ರೆ ಹುಳಿ ಬೇರೆ ಇದೆ, ಎರಡೂ ಸೇರಿದ್ರೆ ವಿಷದ ಗಾಳಿ ಬರುತ್ತೆ. ನೀನು ಮಲಗಿದ್ರೆ ನಿಮ್ಮಮ್ಮನಿಗೆ ಯಾರಿದ್ದಾರೆ?"

ಬಾಟಲಿ ನನ್ನ ಕೈಗೆ ಬಂತು. ಟೈಲರಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಬೆಳ್ಳಿ ಮುಖ ಒರೆಸಿ, ಮಾತ್ರೆ ಮತ್ತು ನೀರು ತೆಗೆದುಕೊಂಡು ಬಾಗಿಲ ಬಳಿ ಹೋದಳು. ಈ ಬಾರಿ ಅಮ್ಮನನ್ನು ಕರೆಯಲಿಲ್ಲ. ದನಿಯನ್ನು ತುಸು ಎತ್ತರಿಸಿ, ಪರಕೀಯಳಂತೆ ಹೇಳಿದಳು:

"ಅಮ್ಮಾವ್ರೇ, ನಾನು ನರ್ಸು. ಬೆಳ್ಳಿ ಅಕ್ಕ ಕಳಿಸಿದ್ರು."

ಒಳಗೆ ಏದುಸಿರು ಮಾತ್ರ ಕೇಳುತ್ತಿತ್ತು.

"ಬೆಳ್ಳಿ ಕಳಿಸಿದ್ಲಾ?"

"ಹೂಂ, ಅಮ್ಮಾವ್ರೇ. ಅಂಗಡೀಲಿ ಕೆಲಸ ಜಾಸ್ತಿಯಂತೆ. ನೀವು ಮಾತ್ರೆ ತಗೊಂಡ್ರಿ ಅಂತ ನಾನು ಹೇಳೋವರೆಗೂ ಅವರು ತುತ್ತು ಮುಟ್ಟಲ್ವಂತೆ."

ಚಿಲಕ ಸರಿಯಿತು.

"ಅದನ್ನ ಮೊದಲೇ ಬೊಗಳೋಕೆ ಏನಾಗಿತ್ತು? ಕಳ್ಳಿ ಹಂಗೆ ನುಗ್ಗೋದಾ ಮನೆಯೊಳಗೆ?" ಎಂದು ಬೈಯುತ್ತಲೇ ಅತ್ತೆ ಕೈ ಚಾಚಿದರು. ಮಾತ್ರೆ ಬಾಯಿಗೆ ಹೋಯಿತು, ನೀರು ಹೋಯಿತು. ಗಂಟಲಲ್ಲಿ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಬೆಳ್ಳಿ ಅವರನ್ನು ದಿಂಬಿಗೆ ಒರಗಿಸಿ, ನಾಡಿ ಹಿಡಿದು ಕುಳಿತಳು.

ಅತ್ತೆ ಆಕೆಯನ್ನು ಮೇಲಿನಿಂದ ಕೆಳಗೆ ನೋಡಿದರು. "ತಲೆ ಯಾಕೆ ಹಿಂಗೆ ಒದ್ದೆ? ನಿಮ್ಮಮ್ಮ ಏನೂ ಹೇಳಿಕೊಟ್ಟಿಲ್ವಾ?"

"ಹೇಳಿಕೊಟ್ಟಿದ್ದಾರೆ, ಅಮ್ಮಾವ್ರೇ. ನಾನೇ ಕೇಳಲಿಲ್ಲ."

"ನನ್ನ ಮಗಳು ಹಂಗಲ್ಲ. ಅವಳ ಹತ್ರ ಕೆಲಸ ಮಾಡೋಕೆ ಪುಣ್ಯ ಮಾಡಿರ್ಬೇಕು. ಸಿಡುಕಿದ್ರೆ ಸಹಿಸ್ಕೋ, ಪಾಪ, ದುಡಿದು ಸಾಕಾಗಿ ಬರ್ತಾಳೆ." ಉಸಿರು ನಿಧಾನಕ್ಕೆ ಹದಕ್ಕೆ ಬರುತ್ತಿತ್ತು. "ಅವಳು ಬಂದ ಮೇಲೆ ನೀನು ಹೊರಡು."

ಬೀದಿಯ ತಿರುವಿನಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು.

"ಆಗಲಿ, ಅಮ್ಮಾವ್ರೇ" ಎಂದಳು ಬೆಳ್ಳಿ. "ಅವರು ಬರೋವರೆಗೂ ನಾನಿರ್ತೀನಿ."