ಬೇವಿನ ಕಟ್ಟೆಯ ಮೇಲೆ ಒಂದು ಗೇಣು ಜಾಗ

ಗುಂಡಗುರ್ತಿಯಿಂದ ಚಿತ್ತಾಪುರದ ಶಾಲೆಗೆ ಬಂದವರು ನಾವಿಬ್ಬರೇ, ನಾನು ಮತ್ತು ನಮ್ಮ ಓಣಿಯ ಗೆಳೆಯ. ಇಬ್ಬರದೂ ಒಕ್ಕಲುತನದ ಮನೆ. ಪೇಟೆಯ ಹಿಂದೆ ಒಂದು ಕೋಣೆ ಹಿಡಿದಿದ್ದೆವು. ಅವನು ರೊಟ್ಟಿ ಬಡಿಯುತ್ತಿದ್ದ, ನಾನು ನೀರು ತರುತ್ತಿದ್ದೆ. ಅದು ನಿಜಾಮರ ಕಾಲ; ಗಣಿತ, ಚರಿತ್ರೆ ಎಲ್ಲವೂ ಉರ್ದುವಿನಲ್ಲಿ. ನಮಗೆ ಬರುತ್ತಿದ್ದ ಉರ್ದು ಸಂತೆಗೆ ಸಾಕಾಗುತ್ತಿತ್ತು, ಶಾಲೆಗೆ ಸಾಲುತ್ತಿರಲಿಲ್ಲ.

ಅಂಗಳದಲ್ಲಿ ಒಂದು ಬೇವಿನ ಮರ. ಬಿಡುವಿನಲ್ಲಿ ಅದರ ಕಟ್ಟೆ ಐದಾರು ಹುಡುಗರ ಸ್ವತ್ತು. ಅಧಿಕಾರಿಗಳ, ವಕೀಲರ ಮಕ್ಕಳು. ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಶೇರವಾನಿಯ ಗುಂಡಿ ಕೊರಳತನಕ ಹಾಕಿಕೊಂಡು ನಯವಾದ ಉರ್ದು ಮಾತಾಡುತ್ತಿದ್ದರು. ನಮ್ಮನ್ನು ಬೈಯುತ್ತಿರಲಿಲ್ಲ, ನೋಡುತ್ತಲೇ ಇರಲಿಲ್ಲ. ಗೆಳೆಯ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನನಗೆ ಮಾತ್ರ ಆ ಕಟ್ಟೆಯ ಮೇಲೆ ಜಾಗ ಬೇಕೇ ಬೇಕೆನಿಸಿತು. ಅವರ ಪುಸ್ತಕ ಹೊತ್ತೆ, ಚೆಂಡು ಹೆಕ್ಕಿ ಕೊಟ್ಟೆ, ಅರ್ಥವಾಗದ ಮಾತಿಗೂ ನಕ್ಕೆ. ಎರಡು ತಿಂಗಳಾದರೂ ಒಬ್ಬನೂ ಕೂತುಕೋ ಎನ್ನಲಿಲ್ಲ.

ಶ್ರಾವಣದಲ್ಲಿ ಗೆಳೆಯನ ಅಪ್ಪನಿಗೆ ಜ್ವರವೆಂದು ಯಾರೋ ಹೇಳಿ ಹೋದರು. ವಾರವಾದರೂ ಮತ್ತೆ ಸುದ್ದಿಯಿಲ್ಲ. ಅವನು ತರಗತಿಯಲ್ಲಿ ಎದ್ದು ನಿಂತು, ಅಪ್ಪನ ಖಬರ್ ಬಂದಿಲ್ಲ, ರಜೆ ಬೇಕು ಎಂದು ಉರ್ದುವಿನಲ್ಲಿ ಹೇಳಲು ಹೋದ. ಆ ಖಕಾರ ಅವನ ಬಾಯಲ್ಲಿ ಹೊರಡಲಿಲ್ಲ. ಖಬರ್ ಎಂದರೆ ಸುದ್ದಿ, ಕಬರ್ ಎಂದರೆ ಗೋರಿ. ಅಪ್ಪನ ಗೋರಿ ಇನ್ನೂ ಬಂದಿಲ್ಲ ಎಂದಂತಾಯಿತು. ತರಗತಿ ಗೊಳ್ಳೆಂದಿತು. ಮಾಸ್ತರರು ನಗು ತಡೆದುಕೊಂಡು, ಶುಕ್ರವಾರ ಹೇಗೂ ರಜೆ, ಆಗ ಹೋಗು ಎಂದರು.

ಬಿಡುವಿನಲ್ಲಿ ಕಟ್ಟೆಯ ಗುಂಪಿನ ಮುಂದಾಳು, ವಕೀಲರ ಮಗ, ಮೊದಲ ಸಲ ನನ್ನನ್ನು ಕರೆದ. "ಏ, ಅವ ನಿಮ್ಮೂರವ ಅಲ್ಲೇನು? ಇಲ್ಲಿ ಕರಕೊಂಡ್ ಬಾ. ಇನ್ನೊಮ್ಮಿ ಅನ್ನಸು, ಕೇಳಾಮು."

ಕರೆತಂದೆ. "ಇವರು ನಿಮ್ಮಪ್ಪನ ಬಗ್ಗೆ ಕೇಳಾಕತ್ತಾರ, ಹೇಳು" ಎಂದೆ. ಅವನು ನಂಬಿದ. ದೊಡ್ಡವರ ಮಕ್ಕಳು, ಏನಾದರೂ ಸಹಾಯ ಮಾಡಿಯಾರು ಎಂದುಕೊಂಡನೇನೋ, ಕೈಕಟ್ಟಿ ನಿಂತು ಅದೇ ಮಾತು ಹೇಳಿದ. ಎರಡು ಸಲ, ಮೂರು ಸಲ ಹೇಳಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವನು ನನ್ನ ಮುಖವನ್ನೇ ನೋಡಿದ. ವಕೀಲರ ಮಗ ಸರಿದು ಕಟ್ಟೆಯ ಮೇಲೆ ಒಂದು ಗೇಣು ಜಾಗ ಮಾಡಿದ. ಕೂತೆ.

ಅಂದೇ ಸಂಜೆ ಶಾಲೆ ಬಿಟ್ಟ ಮೇಲೆ ಗೆಳೆಯ ನನ್ನ ಪಾಲಿನ ರೊಟ್ಟಿ ಬಡಿದು ಮುಚ್ಚಿಟ್ಟು, ತಾನು ಉಣ್ಣದೆ ಊರ ದಾರಿ ಹಿಡಿದ. ಅವನು ಊರು ಮುಟ್ಟುವಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ.

ಸುದ್ದಿ ಶಾಲೆಗೆ ಬಂದ ದಿನ ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ನಾನು ಹತ್ತಿರ ಹೋದೆ. ವಕೀಲರ ಮಗನ ಮುಖ ಬಿಳಿಚಿತ್ತು.

"ಅವರಪ್ಪಗ ಅಷ್ಟು ಜಡ್ಡಾಗ್ಯಾದಂತ ನಮಗ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತು. ನಿಮ್ಮೂರವ ಇದ್ದ, ನೀನೇ ಕರಕೊಂಡ್ ಬಂದಿ."

"ನೀವೇ ಹೇಳಿದ್ರಿ..." ಎಂದು ತೊದಲಿದೆ. ಯಾರೂ ಕಿವಿಗೊಡಲಿಲ್ಲ. ಮರುದಿನ ಕಟ್ಟೆಯ ಮೇಲೆ ನನಗೆ ಜಾಗವಿರಲಿಲ್ಲ.

ಗೆಳೆಯ ತಿರುಗಿ ಬರಲಿಲ್ಲ. ಶಹಾಬಾದಿನಲ್ಲಿ ಸೋದರಮಾವನ ಸಂಗಡ ಕಲ್ಲಿನ ಗಣಿಗೆ ಹೋಗುತ್ತಿದ್ದಾನೆಂದು ತಿಳಿಯಿತು. ಆ ನಾಲ್ಕು ತಿಂಗಳು ಹೇಗೆ ಕಳೆದೆನೋ! ಒಲೆ ಹೊತ್ತಿಸಲು ಕೂತರೆ ಹಾಗೇ ಕೂತಿರುತ್ತಿದ್ದೆ. ಶಾಲೆಯಲ್ಲಿ ಇಡೀ ದಿನ ಒಬ್ಬರೊಡನೆಯೂ ಮಾತಿಲ್ಲದೆ, ನನ್ನ ದನಿಯೇ ನನಗೆ ಮರೆತಂತಾಗುತ್ತಿತ್ತು. ಕೊನೆಗೆ ಒಂದು ಶುಕ್ರವಾರ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋದೆ.

ಗಣಿಯಲ್ಲಿ ಅವನು ಹಾಸುಗಲ್ಲು ಎತ್ತಿ ಬಂಡಿಗೆ ಹೇರುತ್ತಿದ್ದ. ನನ್ನನ್ನು ಕಂಡು ಕೈ ಒರೆಸಿಕೊಂಡ.

"ಬರ್ರಿ, ಕುಂದ್ರಿ. ನೀರು ಕುಡೀತೀರೇನು?"

ಒಂದೇ ತಾಟಿನಲ್ಲಿ ಉಂಡವನು ನನಗೆ ರೀ ಎಂದ. ಅವನ ಕೈ ಹಿಡಿದೆ. "ಹಂಗ್ಯಾಕ ಅಂತಿಯೋ? ಬೈಯಿ ನನಗ. ಬೇಕಾದ್ರ ಹೊಡಿ."

"ನಿಮಗ್ಯಾಕ ಬೈಲ್ರಿ? ನೀವು ಸಾಲಿ ಕಲಿಯೋರು."

ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೆಲ್ಲಗೆ ಕೈ ಬಿಡಿಸಿಕೊಂಡು, ತಂಬಿಗೆ ನೀರು ತಂದು ಮುಂದಿಟ್ಟ. ಬಂಡಿಯವನು ಕೂಗಿದ, ಗೆಳೆಯ ಅತ್ತ ಹೋದ.

ಆ ನೀರು ಕುಡಿಯಲೂ ಆಗದೆ, ಬಿಟ್ಟು ಏಳಲೂ ಆಗದೆ ಸಂಜೆಯ ಗಾಡಿಯ ಹೊತ್ತಿನತನಕ ಅಲ್ಲೇ ಕೂತಿದ್ದೆ. ಅವನು ಬಂಡಿಯ ಮೇಲೆ ಬಂಡಿ ಹೇರುತ್ತಲೇ ಇದ್ದ. ಮತ್ತೆ ನನ್ನ ಕಡೆ ಬರಲಿಲ್ಲ.