ಮೂಗಣ್ಣನ ಎರಡು ಸೌಟು ಎಣ್ಣೆ

ಮೀನು ಸಾಕುವ ಆ ಫಾರಂನಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಮೂಗಣ್ಣ. ಇಪ್ಪತ್ತಾರು ವರ್ಷದಿಂದ ಮೇವು ಕಲಸುವ ಕೆಲಸ. ಒಂದು ಹಿಡಿ ಮೂಸಿ "ಸರಿ" ಅಂದರೆ ಸರಿ. "ಊಹೂಂ" ಅಂದರೆ ಮ್ಯಾನೇಜರ್ ಕೂಡ ತುಟಿ ಪಿಟಕ್ಕೆನ್ನುವಂತಿಲ್ಲ.

ಅಂಥವನ ಮಗಳೇ ಓದಿಬಂದು ಅಲ್ಲಿಯ ಲ್ಯಾಬ್ ಸೇರಿ, ಒಂಬತ್ತನೇ ಕೊಳಕ್ಕೆ ಪಾಚಿಯ ಮೇವು ಅಂದಳು. ಸಮುದ್ರದ ಮೀನನ್ನು ಅರೆದು ಸಾಕುಮೀನಿಗೆ ಹಾಕುವುದು ಬೇಡ. ಪಾಚಿಯ ಪುಡಿ, ಪಾಚಿಯಿಂದಲೇ ತೆಗೆದ ಎಣ್ಣೆ ಸಾಕು. ಮೂರು ತಿಂಗಳಲ್ಲಿ ಮೀನು ಬೆಳೆದರೆ ಎಲ್ಲ ಕೊಳಕ್ಕೂ ಅದೇ. ಇಲ್ಲವಾದರೆ ಅವಳ ಕೆಲಸಕ್ಕೇ ಸಂಚಕಾರ. ಮೂಗಣ್ಣನಿಗೆ ನಂಬಿಕೆ ಬರಲಿಲ್ಲ. ತೊಟ್ಟಿ ಉಜ್ಜಿ ಬಿಸಾಡುವ ಪಾಚಿ ತಿಂದು ಮೀನು ದಪ್ಪವಾಗುವುದುಂಟೇ? ಮಗಳ ಮರ್ಯಾದೆ ಉಳಿಸಲು, ಲ್ಯಾಬಿನಿಂದ ಕಲಸಿ ಬರುತ್ತಿದ್ದ ಆ ಮೇವಿಗೆ ದಿನಾ ಕದ್ದು ಎರಡು ಸೌಟು ಮೀನೆಣ್ಣೆ ಸುರಿದ. ಕಡಿಮೆಯಾದರೂ ಯಾರ ಗಮನಕ್ಕೂ ಬಾರದಿರಲೆಂದು ಗೋದಾಮಿನ ಮೂಲೆಯ ನೀಲಿ ಡ್ರಮ್ಮಿನಿಂದಲೇ ತೆಗೆಯುತ್ತಿದ್ದ. ಒಂದು ದಿನವೂ ಮೂಸದೆ ಸುರಿದವನಲ್ಲ.

ಮೀನು ಬೆಳೆದವು. ಬರೀ ಬೆಳೆದವೇ, ಕೊಬ್ಬಿ ಕೂತವು! "ನಾಳೆಯಿಂದ ಎಲ್ಲ ಕೊಳಕ್ಕೂ ಪಾಚಿ" ಎಂದು ಮ್ಯಾನೇಜರ್ ಹೇಳಿಬಿಟ್ಟರು. ಅಷ್ಟೂ ಕೊಳಕ್ಕೆ ಕದ್ದು ಎಣ್ಣೆ ಸುರಿಯುವುದು ಮೂಗಣ್ಣನಿಂದಾಗದು. ಉಳಿದ ಕೊಳಗಳ ಮೀನು ಬಡಕಲಾದರೆ ಸಿಕ್ಕಿಬೀಳುವವಳು ಮಗಳು. ನೇರ ಲ್ಯಾಬಿಗೆ ಹೋಗಿ ಎಲ್ಲ ಕಕ್ಕಿದ.

"ಯಾವ ಡ್ರಮ್ಮು ಅಪ್ಪಾ?"

"ಮೂಲೇದು, ನೀಲಿದು. ನಮ್ಮ ಹಳೇ ಮೀನೆಣ್ಣೆ."

ಮಗಳು ದಂಗಾಗಿ ನಿಂತಳು. "ಅದನ್ನ ಮೊದಲ ದಿನವೇ ಖಾಲಿ ಮಾಡಿಸಿ ಪಾಚಿ ಎಣ್ಣೆ ತುಂಬಿಸಿದ್ದೆ!"

"ಸುಮ್ನಿರೇ. ದಿನಾ ಮೂಸಿದ್ದೀನಿ. ಅಪ್ಪಟ ಮೀನಿನ ವಾಸನೆ."

"ಪಾಚಿ ಎಣ್ಣೆಗೂ ಅದೇ ವಾಸನೆ ಅಪ್ಪಾ. ಸಮುದ್ರದ ಮೀನಿಗೆ ಆ ಎಣ್ಣೆ ಬರೋದೇ ಪಾಚಿಯಿಂದ."

ಮೂಗಣ್ಣ ಸ್ಟೂಲಿನ ಮೇಲೆ ಕುಸಿದ. ಇಪ್ಪತ್ತಾರು ವರ್ಷ ಅನ್ನ ಹಾಕಿದ ಮೂಗು ಮೂರು ತಿಂಗಳು ದಿನಾ ಮೋಸಹೋಗಿತ್ತು. ನಾಚಿಕೆಯಾಯಿತು. ಆದರೂ ಒಳಗೊಂದು ಸಮಾಧಾನ.

"ಹಾಗಾದ್ರೆ ಅವು ತಿಂದಿದ್ದು ಬರೀ ಪಾಚೀನೇ. ನೀನು ಗೆದ್ದೆ ಬಿಡು."

"ಎಲ್ಲಿ ಗೆದ್ದೆ? ನನ್ನ ಮೇವಲ್ಲಿ ಮೊದಲೇ ಎರಡು ಸೌಟು ಇತ್ತು. ನಿನ್ನದೆರಡು ಸೇರಿ ನಾಲ್ಕಾಯ್ತು. ನನ್ನ ಅಳತೆಗೇ ಬೆಳೆದವು ಅಂತ ಯಾವ ಬಾಯಲ್ಲಿ ಹೇಳಲಿ?"

ಅವನು ಸ್ಟೂಲಿನಿಂದ ಏಳುವಷ್ಟರಲ್ಲಿ ಅವಳು ಮ್ಯಾನೇಜರಿಗೆ ಫೋನ್ ಹಚ್ಚಿಯಾಗಿತ್ತು.

"ನಾಳೆ ಬೇಡ ಸರ್. ಮೊದಲಿಂದ ಮಾಡಬೇಕು. ಎಣ್ಣೆ ಅಳತೆ ತಪ್ಪಿದೆ." ಅಪ್ಪನ ಕಡೆ ಒಮ್ಮೆ ನೋಡಿದಳು. "ಇಲ್ಲ ಸರ್, ಬೇರೆ ಯಾರೂ ಅಲ್ಲ. ತಪ್ಪು ನನ್ನದೇ."